ಲಾಲ್‌ಬಾಗಿನ ಅಜ್ಜಿಮನೆ ನಮ್ಮ ಶಿರಾ, ಆದ್ರೆ ನಮ್ಮ ಪಾರ್ಕಿಗೆ ಮಧ್ಯಾಹ್ನ ಬೀಗ

1/8 | ಒಂದೂವರೆಯಿಂದ ಮೂರು ನಲವತ್ತು

ಕ್ಲಾಸ್ ಬಿಡೋದು ಒಂದೂವರೆಗೆ. ನಮ್ಮೂರ ಕಡೆ ಬಸ್ಸು ಮೂರು ನಲವತ್ತಕ್ಕೆ. ನಡುವೆ ಎರಡು ಗಂಟೆ ಚಿಲ್ಲರೆ. ಹಳ್ಳಿಯಿಂದ ಬಂದು ಓದೋರಿಗೆ ಈ ಎರಡು ಗಂಟೆ ಅಂದ್ರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಕ್ಲಾಸ್ ಮುಗಿದ ಮೇಲೆ ಕ್ಯಾಂಪಸ್ಸಲ್ಲಿ ಇರೋ ಹಾಗಿಲ್ಲ. ಹುಡುಗ್ರಾದ್ರೆ ಅರಳಿಕಟ್ಟೆ ಮೇಲೆ, ಅಂಗಡಿ ಮುಂದೆ, ನಿಲ್ಲಿಸಿದ ಬೈಕ್ ಮೇಲೆ ಎಲ್ಲಾದ್ರೂ ಕೂತ್ಕೋತಾರೆ. ನಾವು ಕೂತ್ರೆ ಐದು ನಿಮಿಷಕ್ಕೆ "ಯಾವೂರಮ್ಮಾ, ಯಾರ ಮಗಳು ನೀನು" ಅಂತ ಶುರು. ಬೇಕರಿಯಲ್ಲಿ ಕೂರಬೇಕು ಅಂದ್ರೆ ಏನಾದ್ರೂ ತಗೋಬೇಕು. ದಿನಾ ಒಂದು ಪಫ್, ಒಂದು ಟೀ ಅಂದ್ರೂ ತಿಂಗಳಿಗೆ ಎಷ್ಟಾಗುತ್ತೆ ಲೆಕ್ಕ ಹಾಕಿ. ತಿನ್ನೋದಕ್ಕಲ್ಲ, ಕುರ್ಚಿಗೆ ಕೊಡೋ ಬಾಡಿಗೆ ಅದು.

ಕಾಲೇಜಿಂದ ಐದು ನಿಮಿಷ ನಡೆದ್ರೆ ಒಂದು ಪಾರ್ಕ್ ಇದೆ. ಊರಿನ ಹೆಸರು ಬೇಡ. ನಮ್ಮ ನಾಲ್ಕು ತಾಲೂಕಿನಲ್ಲಿ ಯಾವ ಊರು ಅಂತ ನೀವು ಅಂದುಕೊಂಡರೂ ನಡೆಯುತ್ತೆ. ಒಳಗೆ ಹೊಂಗೆ ಮರದ ನೆರಳು, ಕಲ್ಲುಬೆಂಚು, ವ್ಯಾಯಾಮದ ಮೆಷಿನ್ನು ಎಲ್ಲಾ ಇದೆ. ಗೇಟಿನ ಬೋರ್ಡಲ್ಲಿ ಸಮಯ: ಬೆಳಿಗ್ಗೆ 5ರಿಂದ 9, ಸಂಜೆ 4ರಿಂದ 8. ನಮಗೆ ಬೇಕಾದ ಹೊತ್ತಿಗೆ ಸರಿಯಾಗಿ ಬೀಗ. ಒಳಗೊಂದು ಟಾಯ್ಲೆಟ್ ಇದೆ, ಅದಕ್ಕೆ ಇನ್ನೊಂದು ಬೀಗ. ಅದು ತೆರೆದಿದ್ದನ್ನ ನಾನು ಇವತ್ತಿಗೂ ನೋಡಿಲ್ಲ.

ನನ್ನ ಕ್ಲಾಸ್‌ಮೇಟ್ ಒಬ್ಬಳು ಬೆಳಿಗ್ಗೆ ಏಳಕ್ಕೆ ಮನೆ ಬಿಟ್ರೆ ಸಂಜೆ ಮನೆ ಸೇರೋವರೆಗೂ ನೀರೇ ಕುಡಿಯಲ್ಲ. ಕುಡಿದ್ರೆ ಆಮೇಲೆ ಎಲ್ಲಿಗೆ ಹೋಗೋದು ಅಂತ. ಹೋದ ಸೆಮಿಸ್ಟರಲ್ಲಿ ಉರಿಮೂತ್ರ, ಜ್ವರ ಅಂತ ಒಂದು ವಾರ ಮಲಗಿದ್ಲು, ಒಂದು ಇಂಟರ್ನಲ್ಸ್ ತಪ್ಪಿತು. ಡಾಕ್ಟರು ಹೇಳಿದ್ದು ಒಂದೇ ಮಾತು, ನೀರು ಕುಡಿಯಮ್ಮ ಅಂತ.

ಈ ಎಂಟು ಪೋಸ್ಟು ಆ ಬೀಗದ ಬಗ್ಗೆ. ಪೂರ್ತಿ ಓದಿ, ಆಮೇಲೆ ಜಗಳ ಮಾಡಿ.

2/8 | "ಬೆಟ್ಟ ಇದೆಯಲ್ಲ, ಪಾರ್ಕ್ ಯಾಕೆ?"

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಾವೆಲ್ಲಾ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಕ್ಕಳು. ತುಮಕೂರು ಜಿಲ್ಲೆಯವರೇ ಆದ್ರೂ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ನಮ್ಮ ಸ್ಥಾನ ಬೇರೆ, ತುಮಕೂರಿನ ಸ್ಥಾನ ಬೇರೆ. ಹಾಗಾಗಿ ಈ ನಾಲ್ಕು ತಾಲೂಕನ್ನ ಒಟ್ಟಿಗೆ ಸೇರಿಸಿ ಮಾತಾಡೋ ಹಕ್ಕು ನಮಗಿದೆ.

ಪಾರ್ಕ್ ಅಂದ ತಕ್ಷಣ ನಮ್ಮಲ್ಲಿ ಬರೋ ಮೊದಲ ಪ್ರಶ್ನೆ: ಸುತ್ತ ಇಷ್ಟು ಬೆಟ್ಟ ಇದೆ, ಹೊಲ ಇದೆ, ಪಾರ್ಕ್ ಯಾಕೆ? ಅದೇನು ಬೆಂಗಳೂರಾ?

ಮಧುಗಿರಿಯ ಏಕಶಿಲಾ ಬೆಟ್ಟ ನನಗೂ ಇಷ್ಟ. ಮೇಲೆ ಕೋಟೆಯಿಂದ ನೋಡಿದ್ರೆ ಕಾಣೋ ನೋಟ ಸ್ಟೋರಿಗೆ ಹಾಕದವರು ನಮ್ಮಲ್ಲಿ ಯಾರಿದ್ದಾರೆ? ಆದ್ರೆ ಮಂಡಿನೋವಿನ ಅಜ್ಜಿ ಸಂಜೆ ಹತ್ತು ನಿಮಿಷ ಓಡಾಡೋಕೆ ಕೋಟೆ ಹತ್ತಲ್ಲ. ಎರಡು ವರ್ಷದ ಮಗೂನ ಎತ್ಕೊಂಡು ಸಿದ್ಧರಬೆಟ್ಟ ಹತ್ತಿ ಆಟ ಆಡಿಸೋಕಾಗಲ್ಲ. ಹೊಲ ಅಂತೀರಾ, ಅದು ಇನ್ನೊಬ್ಬರದ್ದು. ಬೆಳೆ ಇದ್ದಾಗ ಕಾಲಿಟ್ರೆ ಬೈತಾರೆ, ಬೈಯಬೇಕಾದ್ದೇ. ದೇವಸ್ಥಾನದ ಜಗಲಿ ಇದೆ, ಅಲ್ಲಿ ಎಲ್ಲರಿಗೂ ಎಲ್ಲಾ ದಿನವೂ ಕೂರೋ ಧೈರ್ಯ ಇರಲ್ಲ. ನಾನು ಏನು ಹೇಳ್ತಿದೀನಿ ಅಂತ ನಮ್ಮೂರುಗಳಲ್ಲಿ ಬೆಳೆದವರಿಗೆ ಗೊತ್ತು.

ಏನೂ ಕೊಳ್ಳದೆ, ಯಾರ ಮಗಳು ಅಂತ ಹೇಳದೆ ಕೂರಬಹುದಾದ ಜಾಗ ಅಂದ್ರೆ ಪಾರ್ಕ್ ಒಂದೇ.

ನಮ್ಮ ನಾಲ್ಕು ತಾಲೂಕಿನ ಅತೀ ಫೇಮಸ್ ಪಾರ್ಕ್ ಯಾವುದು ಹೇಳಿ? ಪಾವಗಡದ್ದು. 13,000 ಎಕರೆ. ಒಂದು ಬೆಂಚಿಲ್ಲ, ನೆರಳಿದ್ರೆ ಅದು ಪ್ಯಾನೆಲ್ ಕೆಳಗೆ. ಹೌದು, ತಿರುಮಣಿಯ ಸೋಲಾರ್ ಪಾರ್ಕ್. ನಗಬೇಡಿ, ಐದನೇ ಪೋಸ್ಟಲ್ಲಿ ಅದೇ ನಮಗೆ ಪಾಠ ಹೇಳುತ್ತೆ.

3/8 | ಖಾನ್‌ಬಾಗ್ ಕೇಳಿದ್ದೀರಾ?

ಬೆಂಗಳೂರಿಗೆ ಹೋದ್ರೆ ಲಾಲ್‌ಬಾಗಲ್ಲಿ ಫೋಟೋ ತೆಗೆಸ್ಕೊಂಡು ಬರ್ತೀವಿ. ಆ ಲಾಲ್‌ಬಾಗಿನ ಅಜ್ಜಿಮನೆ ಶಿರಾ ಅಂತ ಎಷ್ಟು ಜನಕ್ಕೆ ಗೊತ್ತು?

ಹಿಸ್ಟರಿ ಸ್ವಲ್ಪ. ಶಿರಾ ಊರು ಕಟ್ಟಲು ಶುರು ಮಾಡಿದ್ದು ರತ್ನಗಿರಿಯ ಪಾಳೇಗಾರ ರಂಗಪ್ಪ ನಾಯಕ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಅದನ್ನ ಗೆದ್ದ. 1687ರಲ್ಲಿ ಮೊಘಲರು ಬಂದು ಶಿರಾವನ್ನ ಒಂದು ಸುಭಾದ ರಾಜಧಾನಿ ಮಾಡಿದ್ರು. ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಪೆನುಕೊಂಡ ಎಲ್ಲಾ ಆಗ ಶಿರಾ ಕೆಳಗೆ. ಇವತ್ತು ನಾವು ಕೆಲಸ ಹುಡುಕ್ಕೊಂಡು ಹೋಗೋ ಕಡೆಯವರು ಆಗ ಇಲ್ಲಿಗೆ ಕಂದಾಯ ಕಟ್ಟುತ್ತಿದ್ರು. ಸುಬೇದಾರ ದಿಲಾವರ್ ಖಾನನ ಕಾಲದಲ್ಲಿ ಊರು ತುಂಬಾ ಬೆಳೀತು, 50,000 ಮನೆ ಇತ್ತು ಅಂತ ಹೇಳ್ತಿದ್ರಂತೆ. ಅವನು ಕಟ್ಟಿಸಿದ ಅರಮನೆ ನೋಡಿಯೇ ಹೈದರ್ ಮತ್ತು ಟಿಪ್ಪು ಬೆಂಗಳೂರು, ಶ್ರೀರಂಗಪಟ್ಟಣದಲ್ಲಿ ಅರಮನೆ ಕಟ್ಟಿಸಿದ್ದು, ಮತ್ತೆ ಶಿರಾದ ಖಾನ್‌ಬಾಗ್ ಅನ್ನೋ ತೋಟವೇ ಲಾಲ್‌ಬಾಗಿಗೆ ಪ್ರೇರಣೆ ಆಗಿರಬಹುದು ಅಂತ ಬಿ. ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ.

"ಆಗಿರಬಹುದು" ಅನ್ನೋ ಪದ ಗಮನಿಸಿ. ಲಾಲ್‌ಬಾಗ್ ಶುರುವಾಗಿದ್ದು 1760ರಲ್ಲಿ, ಹೈದರ್ ಶಿರಾ ಹಿಡಿದಿದ್ದು 1761ರಲ್ಲಿ. ಲೆಕ್ಕ ಒಂದು ವರ್ಷ ಹಿಂದೆ ಮುಂದೆ ಇದೆ ಅಂತ ಯಾರಾದ್ರೂ ಕಾಮೆಂಟ್ ಹಾಕೇ ಹಾಕ್ತೀರ. ಸರಿ. ಆದ್ರೆ ತೋಟ ಒಂದೇ ವರ್ಷಕ್ಕೆ ಮುಗಿಯೋ ಕೆಲಸ ಅಲ್ಲ. ಶಿರಾ ಹೆಸರಂತೂ ಅದಕ್ಕೂ ಎಷ್ಟೋ ವರ್ಷ ಮೊದಲಿಂದ ಈ ಸೀಮೆಗೆಲ್ಲಾ ಗೊತ್ತಿತ್ತು.

ನನ್ನ ಪ್ರಶ್ನೆ ಬೇರೆ. ಅಜ್ಜಿಮನೆ ಬಿದ್ದುಹೋಗಿ ಮೊಮ್ಮಗಳ ಮನೆ ಮಾತ್ರ ಹೇಗೆ ಉಳೀತು?

4/8 | ಒಂದು ಉಳೀತು, ಒಂದು ಹೋಯ್ತು

ಶಿರಾ ಕಥೆ ಮೊದಲು. 1757ರಲ್ಲಿ ಮರಾಠರು ಹಿಡಿದ್ರು. 1761ರಲ್ಲಿ ಹೈದರ್. 1766ರಲ್ಲಿ ಮತ್ತೆ ಮರಾಠರು. 1774ರಲ್ಲಿ ಟಿಪ್ಪು ವಾಪಸ್ ತಗೊಂಡ. ಹದಿನೇಳು ವರ್ಷದಲ್ಲಿ ನಾಲ್ಕು ಸಲ ಯಜಮಾನ ಬದಲಾದ್ರೆ ತೋಟದ ಮಾಲಿಗೆ ಸಂಬಳ ಯಾರು ಕೊಡ್ತಾರೆ? ಆಮೇಲೆ ಟಿಪ್ಪು ಶ್ರೀರಂಗಪಟ್ಟಣದ ಹತ್ತಿರ ಗಂಜಾಂ ಪೇಟೆ ತುಂಬಿಸೋಕೆ ಶಿರಾದಿಂದ 12,000 ಕುಟುಂಬಗಳನ್ನ ಬಲವಂತವಾಗಿ ಎಬ್ಬಿಸಿಕೊಂಡು ಹೋದ ಅಂತ ಅದೇ ಗೆಜೆಟಿಯರ್ ಹೇಳುತ್ತೆ. ನಮ್ಮ ಶಿರಾ ಮಳೆ ಕಡಿಮೆ ಇರೋ ಸೀಮೆ. ಇಲ್ಲಿ ಗುಲಾಬಿ ಗಿಡಕ್ಕೆ ಎರಡು ಬೇಸಿಗೆ ನೀರು ಹಾಕದಿದ್ರೆ ಸಾಕು, ಯಾವ ಸೈನ್ಯವೂ ಬಂದು ಹಾಳು ಮಾಡಬೇಕಾಗಿಲ್ಲ.

ಈಗ ಲಾಲ್‌ಬಾಗ್. ಹೈದರ್ ಶುರು ಮಾಡಿದಾಗ ಸುಮಾರು 40 ಎಕರೆ. ಟಿಪ್ಪು ಮುಂದುವರೆಸಿದ. 1799ರಲ್ಲಿ ಟಿಪ್ಪು ಹೋದ, ತೋಟ ಬ್ರಿಟಿಷರ ಕೈಗೆ ಬಂತು. 1856ರಲ್ಲಿ ಅದು ಸರ್ಕಾರಿ ಸಸ್ಯತೋಟ ಆಯ್ತು. ಆಮೇಲೆ ಲಂಡನ್ನಿನ ಕ್ಯೂ ಗಾರ್ಡನ್ನಿಂದ ತರಬೇತಿ ಆದವರು ಬಂದ್ರು. ಜಾನ್ ಕ್ಯಾಮೆರಾನ್ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಶಂಕುಸ್ಥಾಪನೆ. 1908ರಿಂದ ಜರ್ಮನಿಯ ಕ್ರುಂಬಿಗೆಲ್. ಅವರ ನಂತರ ನಮ್ಮವರೇ ಆದ ಎಚ್. ಸಿ. ಜವರಾಯ, ಆಮೇಲೆ ಎಂ. ಎಚ್. ಮರಿಗೌಡ. ಇವತ್ತು 240 ಎಕರೆ.

ರಾಜರು ಬದಲಾದ್ರು, ಧ್ವಜ ಬದಲಾಯ್ತು, ಸರ್ಕಾರ ಬದಲಾಯ್ತು. ಮಾಲಿಯ ಕೆಲಸ ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗ್ತಾನೇ ಇತ್ತು. ಅದು ರಿಜಿಸ್ಟರಲ್ಲಿ ಇರೋ ಕೆಲಸ, ಸಂಬಳ ಇರೋ ಹುದ್ದೆ. ಎರಡು ತೋಟಕ್ಕೂ ನಾನು ನೋಡೋ ವ್ಯತ್ಯಾಸ ಇಷ್ಟೇ.

ಪಾರ್ಕ್ ಅನ್ನೋದು ಒಂದು ಸಲ ಕಟ್ಟಿ ಬಿಡೋದಲ್ಲ, ದಿನಾ ನಡೆಸೋದು. ಸೇವ್ ಮಾಡ್ಕೊಳ್ಳಿ, ಮುಂದಿನ ಪೋಸ್ಟು ಇದರ ಮೇಲೇ ನಿಂತಿದೆ.

5/8 | ಬಿಕಾಂ ಫಸ್ಟ್ ಸೆಮ್ ಪಾಠ ನೆನಪಿದೆಯಾ?

ಕ್ಯಾಪಿಟಲ್ ಖರ್ಚು, ರೆವಿನ್ಯೂ ಖರ್ಚು. ಹೊಲಿಗೆ ಮೆಷಿನ್ ಕೊಂಡ್ರೆ ಕ್ಯಾಪಿಟಲ್. ಅದಕ್ಕೆ ಎಣ್ಣೆ, ಸೂಜಿ, ಕರೆಂಟು ಹಾಕಿದ್ರೆ ರೆವಿನ್ಯೂ. ಮೆಷಿನ್ ಕೊಂಡು ಸೂಜಿಗೆ ದುಡ್ಡಿಲ್ಲ ಅಂದ್ರೆ ಅದು ಮೂಲೆಯಲ್ಲಿ ಧೂಳು ತಿನ್ನುತ್ತೆ.

ನಮ್ಮ ಊರುಗಳ ಪಾರ್ಕಲ್ಲಿ ಆಗ್ತಿರೋದು ಇದೇ. ಕಮಾನು, ಕಾರಂಜಿ, ಬಣ್ಣದ ಜಿಂಕೆ ಬೊಂಬೆ, ವ್ಯಾಯಾಮದ ಮೆಷಿನ್ನು, ಎಲ್ಲಾ ಕ್ಯಾಪಿಟಲ್. ಅದಕ್ಕೆ ಟೆಂಡರ್ ಇದೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ಮಾಲಿಯ ಸಂಬಳ, ಟಾಯ್ಲೆಟ್ ತೊಳೆಯೋರ ಸಂಬಳ, ನೀರಿನ ಮೋಟಾರಿನ ಕರೆಂಟು, ಸುಟ್ಟ ಬಲ್ಬಿನ ಬದಲು ಹೊಸ ಬಲ್ಬು, ಇದೆಲ್ಲಾ ರೆವಿನ್ಯೂ. ಬಲ್ಬ್ ಹಾಕಿದ್ದಕ್ಕೆ ಯಾರಾದ್ರೂ ರಿಬ್ಬನ್ ಕಟ್ ಮಾಡಿದ್ದು ನೋಡಿದ್ದೀರಾ? ಹಾಗಾಗಿ ಕಾರಂಜಿ ಮೊದಲ ವರ್ಷ ಚಿಮ್ಮುತ್ತೆ, ಎರಡನೇ ವರ್ಷ ಸೊಳ್ಳೆ ಸಾಕುತ್ತೆ, ಮೂರನೇ ವರ್ಷ ಅದರೊಳಗೆ ಚಿಪ್ಸ್ ಕವರ್. ನಮ್ಮ ಟಾಯ್ಲೆಟ್ ಬೀಗದ ಗುಟ್ಟೂ ಅದೇ ಅಂತ ನನ್ನ ಅನಿಸಿಕೆ. ಕಟ್ಟೋಕೆ ದುಡ್ಡು ಬಂತು, ತೊಳೆಯೋರಿಗೆ ಬರಲಿಲ್ಲ. ಗಲೀಜಾದ್ರೆ ಬೈತಾರೆ, ಬೀಗ ಹಾಕಿದ್ರೆ ಯಾರೂ ಕೇಳಲ್ಲ.

ಈಗ ಪಾವಗಡಕ್ಕೆ ಬನ್ನಿ. ಸೋಲಾರ್ ಪಾರ್ಕ್ 2,050 ಮೆಗಾವಾಟ್. ಅಲ್ಲಿ ರೈತರ ಜಮೀನನ್ನ ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಅಂದ್ರೆ ಮುಂದೆ ಎಷ್ಟೋ ವರ್ಷ ಪ್ರತೀ ವರ್ಷ ಎಷ್ಟು ಕೊಡಬೇಕು ಅನ್ನೋದು ಮೊದಲೇ ಕಾಗದದ ಮೇಲಿದೆ. ಆ ಒಪ್ಪಂದದಲ್ಲಿ ಜಮೀನಿಲ್ಲದ ಕೂಲಿಯವರಿಗೆ ಏನು ಸಿಕ್ತು ಅನ್ನೋದು ಬೇರೆ ಚರ್ಚೆ, ಮಾಡಲೇಬೇಕಾದ ಚರ್ಚೆ. ಇಲ್ಲಿ ನಾನು ಹೇಳ್ತಿರೋದು ಇಷ್ಟೇ: ಬಿಸಿಲು ಹಿಡಿಯೋ ಪಾರ್ಕಿಗೆ ವರ್ಷ ವರ್ಷದ ಖರ್ಚು ಬರೆದಿಡೋಕೆ ಬರುತ್ತೆ ಅಂದ್ರೆ, ನೆರಳು ಕೊಡೋ ಪಾರ್ಕಿಗೆ ಯಾಕೆ ಬರಲ್ಲ?

ಶಿರಾ ತಾಲೂಕಿನ ಕಗ್ಗಲಡು ನೋಡಿದ್ದೀರಲ್ಲ. ಊರೊಳಗಿನ ಹುಣಸೆ ಮರದಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತೆ. ಆ ಮರಗಳನ್ನ ಊರವರು ವರ್ಷ ವರ್ಷ ಕಾದುಕೊಂಡು ಬಂದಿದ್ದಕ್ಕೇ ಹಕ್ಕಿ ಮತ್ತೆ ಮತ್ತೆ ಬರ್ತಿರೋದು. ಹಕ್ಕಿಗೂ ಗೊತ್ತು ನಡೆಸೋರು ಇರೋ ಜಾಗ ಯಾವುದು ಅಂತ.

6/8 | "ಮಧ್ಯಾಹ್ನ ತೆಗೆದ್ರೆ ಜೋಡಿಗಳು ಬರ್ತಾರೆ, ಕುಡುಕರು ಬರ್ತಾರೆ"

ಬರುತ್ತೆ ಅಂತ ಗೊತ್ತಿತ್ತು ಈ ಮಾತು. ನಮ್ಮಪ್ಪನೂ ಇದನ್ನೇ ಹೇಳಿದ್ರು.

ಕುಡುಕರಿಗೆ ಗೇಟ್ ಬೇಕಾ? ನಮ್ಮ ಪಾರ್ಕಿನ ಹಿಂದಿನ ಕಾಂಪೌಂಡ್ ಮೂಲೆಯಲ್ಲಿ ಬಾಟಲಿ ಬಿದ್ದಿರೋದು ಬೀಗ ಹಾಕಿದ ಹೊತ್ತಲ್ಲೇ. ಹಾರೋಕೆ ಬರೋರು ಹಾರ್ತಾರೆ. ಹಾರೋಕೆ ಬರದವರು ಯಾರು? ಅಜ್ಜಿಯರು, ಬಾಣಂತಿಯರು, ಸೀರೆ ಉಟ್ಟವರು, ಬ್ಯಾಗ್ ಹೊತ್ತ ನಾವು. ಅಂದ್ರೆ ಬೀಗ ತಡೀತಿರೋದು ತಡೆಯಬೇಕಾಗಿಲ್ಲದವರನ್ನ ಮಾತ್ರ.

ನ್ಯೂಯಾರ್ಕಿನಲ್ಲಿದ್ದ ಜೇನ್ ಜೇಕಬ್ಸ್ ಅನ್ನೋ ಬರಹಗಾರ್ತಿ 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಒಂದು ಪುಸ್ತಕ ಬರೆದ್ರು. ಅದರಲ್ಲಿ ಪಾರ್ಕಿನ ಬಗ್ಗೆಯೇ ಒಂದು ಅಧ್ಯಾಯ ಇದೆ. ಅವರ ವಾದ ಸರಳ: ಪಾರ್ಕ್ ಅಂದ ಮಾತ್ರಕ್ಕೆ ಅದು ಒಳ್ಳೇ ಜಾಗ ಆಗಿಬಿಡಲ್ಲ. ಬೇರೆ ಬೇರೆ ಕೆಲಸದ ಜನ ಬೇರೆ ಬೇರೆ ಹೊತ್ತಲ್ಲಿ ಬಂದು ಹೋಗ್ತಾ ಇದ್ರೆ ಕ್ಷೇಮ. ಖಾಲಿ ಬಿದ್ದ ಪಾರ್ಕ್ ಅಪಾಯ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಜನ ಇದ್ದ ಕಡೆ ಜನಕ್ಕೆ ಭಯ ಇಲ್ಲ.

ಬೆಳಿಗ್ಗೆ ವಾಕಿಂಗ್ ಮಾಡೋ ಅಂಕಲ್‌ಗಳಿಗೆ ಪಾರ್ಕ್ ತೆಗೀತೀವಿ, ಸಂತೋಷ. ಆದ್ರೆ ಸಂತೆಗೆ ಬಂದ ಹೆಂಗಸರು, ತಾಲೂಕು ಆಫೀಸಲ್ಲಿ ಸಾಹೇಬ್ರು ಊಟಕ್ಕೆ ಹೋಗಿದ್ದಾರೆ ಅಂತ ಕಾಯೋ ರೈತರು, ಆಸ್ಪತ್ರೆಗೆ ಬಂದು ರಿಪೋರ್ಟಿಗೆ ಕಾಯೋರು, ಬಸ್ಸಿಗೆ ಕಾಯೋ ನಾವು, ಇವರಿಗೆಲ್ಲಾ ಪಾರ್ಕ್ ಬೇಕಾಗೋದು ಹನ್ನೊಂದರಿಂದ ನಾಲ್ಕರೊಳಗೆ. ತಾಲೂಕು ಕೇಂದ್ರ ಅಂದ್ರೆ ಹಳ್ಳಿಯವರು ಬಂದು ಕಾಯೋ ಊರು. ಕಾಯೋರಿಗೆ ನೆರಳಿಲ್ಲದ ಊರು ಅದೆಂಥಾ ಕೇಂದ್ರ?

ಇನ್ನು ಜೋಡಿಗಳ ವಿಷಯ. ಇಬ್ಬರು ಬೆಂಚಲ್ಲಿ ಕೂತು ಮಾತಾಡಿದ್ರೆ ಮರ ಒಣಗಲ್ಲ.

7/8 | ಇದು ದಯೆ ಅಲ್ಲ, ಕಾಗದದಲ್ಲಿ ಇದೆ

ಬಿಸಿನೆಸ್ ಲಾ ಪೇಪರಿಗೆ ಓದಿದ್ದು ಇಲ್ಲಿ ಕೆಲಸಕ್ಕೆ ಬಂತು.

ಒಂದು. 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 12ನೇ ಅನುಸೂಚಿ ಬಂತು. ನಗರ ಸ್ಥಳೀಯ ಸಂಸ್ಥೆಗಳಿಗೆ ಕೊಡಬಹುದಾದ 18 ವಿಷಯ ಅದರಲ್ಲಿವೆ. ಪಾರ್ಕು, ತೋಟ, ಆಟದ ಮೈದಾನ ಆ ಪಟ್ಟಿಯಲ್ಲಿದೆ.

ಎರಡು. ಕರ್ನಾಟಕದಲ್ಲಿ ಉದ್ಯಾನವನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆ ಅಂತಲೇ 1985ರ ಕಾಯ್ದೆ ಇದೆ. ನಮ್ಮೂರಲ್ಲಿ ಯಾವ್ಯಾವುದು ಪಾರ್ಕು ಅಂತ ಪಟ್ಟಿ ಮಾಡಬೇಕು ಅನ್ನುತ್ತೆ ಅದು.

ಮೂರು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದ್ರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ. ಎಸ್. ಮುದ್ದಪ್ಪ ಪ್ರಕರಣ, ಹುಡುಕಿ ಓದಿ. ಆಸ್ಪತ್ರೆ ಒಳ್ಳೇದೇ. ಆದ್ರೆ ಪಾರ್ಕಿಗೆ ಬಿಟ್ಟ ಜಾಗ ಅಂದ್ರೆ ಯಾರಿಗೂ ಬೇಡದ ಖಾಲಿ ಸೈಟ್ ಅಲ್ಲ, ಅದು ಎಲ್ಲರ ಪಾಲು. ಆ ತೀರ್ಪಿನಿಂದ ನಾನು ಅರ್ಥ ಮಾಡ್ಕೊಂಡಿದ್ದು ಇದು. ನಿಮ್ಮ ಬಡಾವಣೆಯ ಪಾರ್ಕ್ ಜಾಗದಲ್ಲಿ ಏನಾದ್ರೂ ಏಳ್ತಾ ಇದ್ರೆ ನೆನಪಿರಲಿ.

ನಾಲ್ಕು. ಕೇಂದ್ರ ಸರ್ಕಾರದ ನಗರ ಯೋಜನಾ ಮಾರ್ಗಸೂಚಿ ಒಬ್ಬರಿಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಲಿ ಅನ್ನುತ್ತೆ. 50,000 ಜನ ಇರೋ ಊರಿಗೆ ಲೆಕ್ಕ ಹಾಕಿ. ಕಡಿಮೆ ಅಂದ್ರೂ 5 ಲಕ್ಷ ಚದರ ಮೀಟರ್, ಸುಮಾರು 123 ಎಕರೆ. ಲಾಲ್‌ಬಾಗಿನ ಅರ್ಧ. ಸಿಗಲ್ಲ ಅಂತ ನನಗೂ ಗೊತ್ತು. ಅದಕ್ಕೇ ಹೇಳ್ತಿರೋದು, ಇರೋ ಒಂದೆರಡು ಎಕರೆಗೂ ದಿನಕ್ಕೆ ಹದಿನಾರು ಗಂಟೆ ಬೀಗ ಹಾಕಿದ್ರೆ ಹೇಗೆ?

8/8 | ಏನು ಮಾಡೋಣ

ಹೊಸ ಕಾರಂಜಿ ಬೇಡ. ಬೊಂಬೆ ಬೇಡ. ಹೊಸ ಕಮಾನಂತೂ ಬೇಡವೇ ಬೇಡ. ನಾನು ಕೇಳ್ತಿರೋದು ನಾಲ್ಕು: ಬೆಳಿಗ್ಗೆಯಿಂದ ರಾತ್ರಿವರೆಗೂ ತೆರೆದ ಗೇಟು. ದಿನಾ ತೊಳೆಯೋ ಟಾಯ್ಲೆಟ್. ಕುಡಿಯೋ ನೀರು. ಸಂಬಳ ತಿಂಗಳಿಗೆ ಸರಿಯಾಗಿ ಬರೋ ಒಬ್ಬ ಮಾಲಿ, ಒಬ್ಬರು ಕಾವಲಿಗೆ. ಕಾವಲಿಗೆ ಹೆಂಗಸಾದ್ರೆ ಇನ್ನೂ ಒಳ್ಳೇದು.

ಮೊದಲ ಹೆಜ್ಜೆ ಸಿಟ್ಟಲ್ಲ, ಲೆಕ್ಕ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಅರ್ಧ ಪಫ್ಪಿನ ದುಡ್ಡು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಬರೀಬೇಕು. ಉತ್ತರ ಕೊಡೋಕೆ 30 ದಿನ ಟೈಮ್. ನಿಮ್ಮ ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿ ಯಾವುದಿದೆಯೋ ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಕೇಳಿ:

ಇಂಥ ಪಾರ್ಕಿಗೆ ಕಳೆದ ಮೂರು ವರ್ಷದಲ್ಲಿ ನಿರ್ಮಾಣಕ್ಕೆ ಎಷ್ಟು ಖರ್ಚಾಯ್ತು? ನಿರ್ವಹಣೆಗೆ ಎಷ್ಟು? ಮಾಲಿ ಮತ್ತು ಸ್ವಚ್ಛತೆಗೆ ಎಷ್ಟು ಜನ ಇದ್ದಾರೆ? ಗೇಟಿನ ಸಮಯ ನಿಗದಿ ಮಾಡಿದ ಆದೇಶದ ಪ್ರತಿ ಕೊಡಿ.

ಕೊನೇ ಪ್ರಶ್ನೆ ಮರೀಬೇಡಿ. ಆ ಸಮಯ ಯಾರು, ಯಾವಾಗ, ಯಾರನ್ನ ಕೇಳಿ ಬರೆದ್ರು ಅಂತ ಗೊತ್ತಾದ್ರೆ ಬದಲಾಯಿಸೋಕೆ ಯಾರ ಬಾಗಿಲು ತಟ್ಟಬೇಕು ಅಂತಾನೂ ಗೊತ್ತಾಗುತ್ತೆ. ನಮ್ಮ ಪಾರ್ಕಿನ ಅರ್ಜಿ ನಾನು ಬರೆದಿದ್ದೀನಿ, ನೀರು ಕುಡಿಯದ ಆ ಹುಡುಗಿಯೇ ನಮೂನೆ ತುಂಬಿದ್ದು. ಇಬ್ಬರೂ ಸೋಮವಾರ ಕೊಟ್ಟು ಬರ್ತೀವಿ. ಉತ್ತರ ಬಂದ್ರೆ ಬಂದ ಹಾಗೇ ಇಲ್ಲಿ ಹಾಕ್ತೀನಿ, ಬರದಿದ್ರೆ ಬಂದಿಲ್ಲ ಅಂತ ಹಾಕ್ತೀನಿ.

ನಿಮ್ಮಿಂದ ಒಂದೇ ಕೆಲಸ. ನಾಳೆ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮೂರ ಪಾರ್ಕಿನ ಗೇಟ್ ಮುಂದೆ ನಿಂತು ಒಂದು ಫೋಟೋ ತೆಗೀರಿ. ತೆರೆದಿದ್ರೆ ತೆರೆದದ್ದು, ಬೀಗ ಇದ್ರೆ ಬೀಗ. ಬೋರ್ಡ್ ಕಾಣಲಿ, ಜನರ ಮುಖ ಬೇಡ. ಊರಿನ ಹೆಸರು ಬರೆದು ನನಗೆ ಕಳಿಸಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿಸಿ ಒಂದೇ ಪೋಸ್ಟ್ ಮಾಡೋಣ. ಮಧ್ಯಾಹ್ನ ತೆರೆದಿರೋ ಪಾರ್ಕ್ ಇದ್ರೆ ಅದನ್ನ ಮೊದಲನೇ ಫೋಟೋ ಹಾಕ್ತೀನಿ, ಅಲ್ಲಿನವರು ಹೇಗೆ ಮಾಡಿದ್ರು ಅಂತ ಕೇಳ್ಕೊಂಡು ಬರೀತೀನಿ.

ನನ್ನ ಬಸ್ಸು ಬಂತು. ಸಿಗೋಣ.

#ಗೇಟ್‌ತೆಗೀರಿ #ಖಾನ್‌ಬಾಗ್ #ಶಿರಾ #ಮಧುಗಿರಿ #ಕೊರಟಗೆರೆ #ಪಾವಗಡ #ನಮ್ಮಪಾರ್ಕ್